ಐದು ವರ್ಷ ಎಕ್ಸ್‌ಪೀರಿಯೆನ್ಸ್ ಅಂತೆ!

ನಿನ್ನೆಯಿಂದ ತಲೆ ಬಿಸಿಯಾಗಿದೆ. ಬರೆದು ಹಾಕದೆ ಇಳಿಯಲ್ಲ. ಉದ್ದ ಆಗುತ್ತೆ, ತಾಳ್ಮೆ ಇಲ್ಲದವರು ಈಗಲೇ ಮುಂದಕ್ಕೆ ಹೋಗಿ.

ತಂಗಿ ಮಗಳ ನಿಶ್ಚಿತಾರ್ಥಕ್ಕೆ ಅಂತ ಮೈಸೂರಿಗೆ ಬಂದಿದ್ದೇನೆ. ಅವಳಿಗೆ ಐಬ್ರೋ ಮಾಡಿಸಬೇಕಿತ್ತು. ನಾನು ದಾರ ತಂದಿರಲಿಲ್ಲ (ಬೈಯಬೇಡಿ, ರಜಾ ಅಂದರೆ ರಜಾನೇ). ಮನೆ ಹತ್ತಿರದ ಪಾರ್ಲರಿಗೆ ಹೋದೆವು. ನಾನೂ ಇದೇ ಕೆಲಸದವಳು ಅಂತ ಬಾಯಿ ಬಿಡಲಿಲ್ಲ. ಹೇಳಿದರೆ ಪಾಪ, ಆ ಹುಡುಗಿಯರ ಕೈ ನಡುಗೋಕೆ ಶುರುವಾಗುತ್ತೆ.

ಪಕ್ಕದ ಕುರ್ಚಿಯಲ್ಲಿ ಒಬ್ಬಳು ಕಾಲೇಜು ಹುಡುಗಿ. ಸೊಂಟದವರೆಗೆ ಕೂದಲು, ಕಪ್ಪು ಅಂದರೆ ಕಪ್ಪು. ಫೋನಲ್ಲಿ ಫೋಟೋ ತೋರಿಸಿ ಇಂಥದೇ ಹೈಲೈಟ್ಸ್ (ಅಲ್ಲಲ್ಲಿ ಕೆಲವು ಎಳೆಗಳಿಗೆ ಮಾತ್ರ ತಿಳಿ ಬಣ್ಣ) ಬೇಕು ಅಂದಳು. ಕೆಲಸದ ಹುಡುಗಿಗೆ ಇಪ್ಪತ್ತರ ಆಸುಪಾಸು. ಫೋಟೋ ನೋಡಿದಳು. ಒಂದು ಎಳೆ ಕೂದಲನ್ನು ಎರಡು ಬೆರಳಲ್ಲಿ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿದಳು. ಆಮೇಲೆ ಹೇಳಿದಳು, "ಮೇಡಂ, ರೂಟ್ ಟಚಪ್, ಅಂದ್ರೆ ಬುಡಕ್ಕೆ ಬಣ್ಣ ಹಚ್ಚೋದು, ನಾನು ದಿನಾ ಮಾಡ್ತೀನಿ. ಹೈಲೈಟ್ಸ್ ಮಾತ್ರ ಅಕ್ಕನ ಜೊತೆ ನಿಂತು ಎರಡು ಸಲ ಮಾಡಿದೀನಿ ಅಷ್ಟೇ. ಒಬ್ಬಳೇ ಮಾಡಿಲ್ಲ. ಅಕ್ಕ ಫ್ರೀ ಆಗೋವರೆಗೂ ಕಾಯ್ತೀರಾ?"

ಎದ್ದು ಹೋಗಿ ಅವಳ ಬೆನ್ನು ತಟ್ಟೋಣ ಅನ್ನಿಸಿತು ನನಗೆ.

ಅಷ್ಟರಲ್ಲಿ ಒಳಗಿಂದ ಓನರ್ ಬಂದರು. ಆ ನಗು ನೋಡಬೇಕಿತ್ತು. "ಅವಳಿಗೆ ಸಂಕೋಚ ಜಾಸ್ತಿ ಕಣಮ್ಮಾ. ಐದು ವರ್ಷ ಎಕ್ಸ್‌ಪೀರಿಯೆನ್ಸ್ ಇದೆ. ಸೂಪರಾಗಿ ಮಾಡ್ತಾಳೆ, ಕೂತ್ಕೋ." ಕೆಲಸದ ಹುಡುಗಿಯನ್ನು ಒಳಗೆ ಕರೆದುಕೊಂಡು ಹೋದರು. ಪಾರ್ಟಿಶನ್ ಪ್ಲೈವುಡ್‌ದು, ಎಲ್ಲ ಕೇಳಿಸುತ್ತೆ. "ಎಷ್ಟು ಸಲ ಮಾಡಿದೀಯ ಅಂತ ನಿನ್ನ ಯಾರೇ ಕೇಳಿದ್ದು? ಬಂದ ಗಿರಾಕಿನ ಓಡಿಸೋಕೆ ಸಂಬಳ ಕೊಡ್ಬೇಕಾ ನಿಂಗೆ?"

ಐದು ವರ್ಷ ಅಂತೆ! ಹೈಸ್ಕೂಲಿಗೆ ಹೋಗುವಾಗಲೇ ಹೈಲೈಟ್ಸ್ ಎಳೆಗೆ ಫಾಯಿಲ್ ಮಡಚುತ್ತಿದ್ದಳೋ ಏನೋ.

ನನ್ನ ಬಾಯಿ ನಿಮಗೆ ಗೊತ್ತಲ್ಲ, ಸುಮ್ನಿರಲಿಲ್ಲ. ಆ ಕಾಲೇಜು ಹುಡುಗಿಯನ್ನು ಕೇಳಿದೆ, "ಮುಂಚೆ ಕೂದಲಿಗೆ ಏನಾದ್ರೂ ಹಚ್ಚಿದ್ದೀಯೇನಮ್ಮಾ?" "ಮೆಹಂದಿ ಆಂಟಿ, ಕಪ್ಪು ಮೆಹಂದಿ. ಅಜ್ಜಿ ಹಚ್ಚಿಕೊಳ್ಳುವಾಗ ಉಳಿದಿದ್ದು ನನಗೂ ಹಚ್ತಾರೆ." ಇನ್ನೇನು ಬೇಕು! ಹೈಲೈಟ್ಸ್‌ಗೆ ಬ್ಲೀಚ್ ಕಲಸುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಅದು. ಅಲ್ಲಿ ಯಾರೂ ಕೇಳಿರಲಿಲ್ಲ.

ಬೇರೆ ಕೆಲಸದಲ್ಲಿರುವ ಸ್ನೇಹಿತರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೆಹಂದಿ ಸೊಪ್ಪು ಕೂದಲನ್ನು ಕೆಂಪು ಮಾಡುತ್ತೆ, ಕಪ್ಪು ಮಾಡಲ್ಲ. ಪ್ಯಾಕೆಟ್‌ನಲ್ಲಿ ಬರುವ ಕಪ್ಪು ಮೆಹಂದಿಯಲ್ಲಿ ಸಾಮಾನ್ಯವಾಗಿ ಪಿಪಿಡಿ ಅನ್ನುವ ಡೈ ಇರುತ್ತೆ. ಅದು ಪದರ ಪದರವಾಗಿ ಕೂತ ಕೂದಲಿಗೆ ಬ್ಲೀಚ್ ಹಾಕಿದರೆ ಬುಡದಲ್ಲಿ ಒಂದು ಬಣ್ಣ, ತುದಿಯಲ್ಲಿ ಇನ್ನೊಂದು. ನಮ್ಮ ಕಪ್ಪು ಕೂದಲು ಫೋಟೋದ ಬಣ್ಣಕ್ಕೆ ಬರೋಕೆ ಮುಂಚೆ ಕೆಂಪು, ಕಿತ್ತಳೆ, ಹಳದಿ ಎಲ್ಲ ದಾಟಬೇಕು. ಬ್ಲೀಚ್ ಪುಡಿಗೆ ಬೆರೆಸುವ ಡೆವಲಪರ್‌ನಲ್ಲಿ 20 ವಾಲ್ಯೂಮ್ ಅಂದರೆ ಶೇ 6 ಹೈಡ್ರೋಜನ್ ಪೆರಾಕ್ಸೈಡ್, 30 ಅಂದರೆ ಶೇ 9, 40 ಅಂದರೆ ಶೇ 12. ಕಿತ್ತಳೆಗೇ ನಿಂತುಬಿಟ್ಟರೆ ಹೊಸಬರು ಗಾಬರಿಯಾಗಿ 40ಕ್ಕೆ ಕೈ ಹಾಕುತ್ತಾರೆ. ಆಮೇಲೆ ಒದ್ದೆ ಕೂದಲು ಎಳೆದರೆ ರಬ್ಬರ್ ಥರ ಹಿಗ್ಗಿ ಕಟ್ಟಾಗುತ್ತೆ.

ಇನ್ನು ಅಲರ್ಜಿ ವಿಷಯ. ಪಿಪಿಡಿ ಇರುವ ಹೇರ್ ಡೈ ಲೇಬಲ್ ಮೇಲೆ ಒಂದು ಎಚ್ಚರಿಕೆ ಇರಲೇಬೇಕು ಅಂತ ನಮ್ಮ ದೇಶದ ಕಾನೂನೇ ಹೇಳುತ್ತೆ. ಚರ್ಮಕ್ಕೆ ಉರಿ ಆಗಬಹುದು, ಮೊದಲು ಪರೀಕ್ಷೆ ಮಾಡಿ ನೋಡಿ, ರೆಪ್ಪೆಗೆ ಹುಬ್ಬಿಗೆ ಹಚ್ಚಬೇಡಿ, ಕಣ್ಣು ಹೋಗಬಹುದು ಅಂತ. ಹುಬ್ಬಿಗೂ ಅದೇ ಡೈಯಲ್ಲಿ ಎರಡು ಗೀಟು ಎಳೆಯುವ ಪಾರ್ಲರ್‌ಗಳನ್ನು ಕಣ್ಣಾರೆ ನೋಡಿದ್ದೇನೆ. ಕಿವಿ ಹಿಂದೆಯೋ ಮೊಣಕೈ ಒಳಗೋ ಚೂರು ಹಚ್ಚಿ 48 ಗಂಟೆ ಬಿಟ್ಟು ನೋಡಬೇಕು. ಎಷ್ಟು ಜನ ನೋಡುತ್ತಾರೆ ಹೇಳಿ?

ಇಷ್ಟೆಲ್ಲ ಇರುವ ಕೆಲಸ ಇದು. ಆ ಹುಡುಗಿಗೆ ಇದರಲ್ಲಿ ಅರ್ಧ ಗೊತ್ತಿಲ್ಲದೇ ಇರಬಹುದು. ಆದರೆ ತನಗೆ ಎಲ್ಲಿಯವರೆಗೆ ಬರುತ್ತೆ ಅನ್ನೋದು ಗೊತ್ತಿತ್ತು. ಅದನ್ನೇ ಹೇಳಿದಳು. ಅದಕ್ಕೇ ಬೈಸಿಕೊಂಡಳು.

ನಿಜ ಹೇಳೋದು ಅಂದರೆ "ನಂಗೇನೂ ಬರಲ್ಲ, ಹೊಸಬಳು" ಅಂತ ಮುಖ ಸಣ್ಣ ಮಾಡಿಕೊಳ್ಳೋದಲ್ಲ. ಅದನ್ನು ಕೇಳಿದರೆ ನಾನೂ ಎದ್ದು ಹೋಗುತ್ತೇನೆ. ಅವಳ ಮಾತು ಇನ್ನೊಮ್ಮೆ ಓದಿ ನೋಡಿ. ದಿನಾ ಮಾಡೋದು ಯಾವುದು ಅಂತ ಹೇಳಿದಳು, ಕಡಿಮೆ ಮಾಡಿರೋದು ಯಾವುದು ಅಂತ ಹೇಳಿದಳು, ದಾರಿಯನ್ನೂ ತೋರಿಸಿದಳು. ಅಳಲಿಲ್ಲ, ಕ್ಷಮೆ ಕೇಳಲಿಲ್ಲ. ಅದೂ ಕ್ರೀಮ್ ಕಲಸುವ ಮೊದಲು! ಹಾಳಾದ ಮೇಲೆ "ನಿಮ್ಮ ಕೂದಲೇ ಹಾಗೆ" ಅನ್ನುವವರನ್ನು ತುಂಬ ನೋಡಿದ್ದೇವೆ.

ರಾತ್ರಿ ಇದನ್ನು ಇದೇ ಕೆಲಸದಲ್ಲಿರುವ ಗೆಳತಿಗೆ ಫೋನಲ್ಲಿ ಹೇಳಿದರೆ ಅವಳು ನನಗೇ ಬೈದಳು. "ನಿಂಗೇನಮ್ಮಾ, ಊರೆಲ್ಲ ಗೊತ್ತು. ಹೊಸದಾಗಿ ಅಂಗಡಿ ಇಟ್ಟವಳು ಹಾಗೆಲ್ಲ ಹೇಳಿದರೆ ಯಾರು ಕೂರ್ತಾರೆ? ಬಾಡಿಗೆ ನೀನು ಕಟ್ತೀಯಾ?" ಒಪ್ಪುತ್ತೇನೆ. ರುಡ್‌ಸೆಟ್‌ನಂಥ ಕಡೆ ಉಚಿತ ತರಬೇತಿ ಮುಗಿಸಿ, ಮುದ್ರಾ ಶಿಶು ಸಾಲ ಅಂತ 50,000 ರೂಪಾಯಿ ತಗೊಂಡು, ಒಂದು ಕುರ್ಚಿ ಒಂದು ಕನ್ನಡಿ ಹಾಕಿಕೊಂಡವಳಿಗೆ ಬಂದ ಗಿರಾಕಿನ ಕಳಿಸೋದು ಸುಲಭ ಅಲ್ಲ. ಆದರೆ ನಿನ್ನೆ ಸುಳ್ಳು ಹೇಳಿದ್ದು ಹೊಸಬಳಲ್ಲ ತಾಯೀ. ಎಸಿ ಹಾಕಿಸಿಕೊಂಡು, ಗೋಡೆ ತುಂಬ ಸರ್ಟಿಫಿಕೇಟ್ ನೇತು ಹಾಕಿಕೊಂಡ ಓನರ್! ಬಾಡಿಗೆ ಕಷ್ಟದ ಕಥೆ ಅಲ್ಲಿಗೆ ಒಪ್ಪಲ್ಲ.

"ಕೂದಲು ತಾನೆ, ಮತ್ತೆ ಬೆಳೆಯುತ್ತೆ" ಅಂತಲೂ ಅಂದಳು ನನ್ನ ಗೆಳತಿ. ದೆಹಲಿಯ ಸ್ಟಾರ್ ಹೋಟೆಲ್ ಸಲೂನಿನಲ್ಲಿ 2018ರಲ್ಲಿ ಹೇರ್‌ಕಟ್ ಕೆಟ್ಟು ಹೋಗಿ 2021ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2 ಕೋಟಿ ಪರಿಹಾರ ಕೊಡಿ ಅಂದಿದ್ದು ನೆನಪಿದೆಯಾ? 2023ರಲ್ಲಿ ಸುಪ್ರೀಂ ಕೋರ್ಟ್ ಅಷ್ಟು ದುಡ್ಡಿಗೆ ಆಧಾರ ಎಲ್ಲಿ ಅಂತ ಕೇಳಿ ವಾಪಸ್ ಕಳಿಸಿತು. ಆದರೆ ಸೇವೆಯಲ್ಲಿ ಲೋಪ ಆಗಿದೆ ಅನ್ನುವ ಮಾತನ್ನು ಮುಟ್ಟಲಿಲ್ಲ. ಕೂದಲು ತಾನೆ ಅಂತೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಯಾರ ಹತ್ತಿರವೂ ಹೇಳಿಲ್ಲ. ನಾನು ಶುರು ಮಾಡಿದ ಹೊಸದರಲ್ಲಿ ಶಿವಮೊಗ್ಗದ ಒಂದು ದೊಡ್ಡ ಮನೆಯಿಂದ ಮದುಮಗಳ ಮೇಕಪ್‌ಗೆ ಕೇಳಿಕೊಂಡು ಬಂದರು. ನಾನು ಅಲ್ಲಿಯವರೆಗೆ ಮಾಡಿದ್ದು ಸೀಮಂತ, ನಾಮಕರಣ ಅಷ್ಟೇ. ಇದ್ದದ್ದು ಇದ್ದಹಾಗೆ ಹೇಳಿದೆ. ಎದ್ದು ಹೋದರು. ಅಂದು ರಾತ್ರಿ ಅತ್ತಿದ್ದೆ. ಮದುವೆಗೆ ಹೋಗಿ ನೋಡಿದರೆ ಬೇರೆಯವರು ಮಾಡಿದ ಮೇಕಪ್ ಚೆನ್ನಾಗಿಯೇ ಬಂದಿತ್ತು. ಇನ್ನೂ ಹೊಟ್ಟೆ ಉರಿಯಿತು. ಆಮೇಲೂ ಆ ಮನೆಯವರು ನನ್ನ ಹತ್ತಿರ ಬರಲಿಲ್ಲ. ನಿಜ ಹೇಳಿದರೆ ಗಿರಾಕಿ ಹುಡುಕಿಕೊಂಡು ವಾಪಸ್ ಬರುತ್ತಾರೆ ಅನ್ನೋದೆಲ್ಲ ಕಥೆ. ಕೆಲವರು ಬರುತ್ತಾರೆ, ಕೆಲವರು ಬರಲ್ಲ. ಆದರೂ ಹೇಳಬೇಕು, ಯಾಕೆಂದರೆ ಮುಖ ಅವರದ್ದು.

ಈಗಂತೂ ಇನ್‌ಸ್ಟಾಗ್ರಾಂ ಬೇರೆ. ಒಂದು ದಿನದ ವರ್ಕ್‌ಶಾಪ್, ಟೀಚರ್ ಒಬ್ಬರೇ ಮೇಕಪ್ ಮಾಡುತ್ತಾರೆ. ಆಮೇಲೆ ಎಲ್ಲರೂ ಸಾಲಾಗಿ ಬಂದು ಬ್ರಷ್ ಹಿಡಿದು ಅದೇ ಮಾಡೆಲ್ ಪಕ್ಕ ಫೋಟೋ. ಮಾರನೆಯ ದಿನ ಎಲ್ಲರ ಪೇಜಲ್ಲೂ ಅದೇ ಮುಖ, "ಮೈ ಬ್ಯೂಟಿಫುಲ್ ಬ್ರೈಡ್". ಆ ಮಾಡೆಲಿಗೆ ಎಷ್ಟು ಮದುವೆಯೋ ದೇವರೇ ಬಲ್ಲ.

ನಿನ್ನೆ ಆ ಓನರ್ ಬೇರೇನೂ ಮಾಡಬೇಕಿರಲಿಲ್ಲ. "ಹೌದು, ಇವಳು ಕಲೀತಿದ್ದಾಳೆ. ಇವಳು ಮಾಡಿದರೆ ಅರ್ಧ ರೇಟು, ನಾನು ಪಕ್ಕದಲ್ಲೇ ನಿಂತಿರ್ತೀನಿ" ಅಂದಿದ್ದರೆ ಸಾಕಿತ್ತು. ನನ್ನ ಪಾರ್ಲರಿನಲ್ಲಿ ಹೊಸ ಹುಡುಗಿಯರಿಗೆ ಇದೇ ನಿಯಮ. ದಾರ ಹಿಡಿಯೋದನ್ನು ಮೊದಲು ಅವರವರ ಕಾಲಿನ ಕೂದಲಿನ ಮೇಲೇ ಕಲಿಯಬೇಕು. ಹುಬ್ಬಿಗೆ ಬಂದಾಗ ಗಿರಾಕಿಗೆ ಹೇಳಿಯೇ ಕೂರಿಸಬೇಕು. ಬೇಡ ಅನ್ನುವವರಿಗೆ ನಾನು ಮಾಡುತ್ತೇನೆ. ಅರ್ಧ ರೇಟು ಅಂದರೆ ಬೇಡ ಅನ್ನುವವರು ಕಡಿಮೆ ಬಿಡಿ, ನಮ್ಮ ಜನ ಗೊತ್ತಲ್ಲ!

ಗಿರಾಕಿಗಳೂ ಹಾಗೆಯೇ. "ಎಷ್ಟು ವರ್ಷದಿಂದ ಮಾಡ್ತಿದ್ದೀರಾ?" ಅಂತ ಮಾತ್ರ ಕೇಳುತ್ತೀರಿ. ಅದಕ್ಕೆ ಉತ್ತರ ರೆಡಿ ಇದೆ, ಐದು ವರ್ಷ. "ನನ್ನಂಥ ಕೂದಲಿಗೆ ಇದನ್ನು ಮಾಡಿದ್ದೀರಾ? ಯಾವಾಗ? ಫೋಟೋ ಇದೆಯಾ?" ಅಂತ ಕೇಳಿ. ನಿಮ್ಮ ತಲೆಗೆ ಏನೇನು ಬಿದ್ದಿದೆ ಅನ್ನೋದನ್ನೂ ಮುಚ್ಚಿಡದೆ ಹೇಳಿ, ಅಜ್ಜಿ ಬಟ್ಟಲಲ್ಲಿ ಉಳಿದ ಮೆಹಂದಿ ಸೇರಿಸಿ. ಡಿಸ್ಕೌಂಟ್ ಎಷ್ಟು ಅಂತ ಆಮೇಲೆ ಕೇಳುವಿರಂತೆ.