ಎಲ್ಲ ಬೀಜಕ್ಕೂ ಒಂದೇ ತಾರೀಖು ಯಾಕೆ?

ಕೆನಡಾದ ಕ್ಯಾಲ್ಗರಿಯಲ್ಲಿ ಕೈತೋಟ ಮಾಡುವವರಿಗೆಲ್ಲ ಒಂದು ಗಡುವಿದೆ. ಮೇ ತಿಂಗಳ ಲಾಂಗ್ ವೀಕೆಂಡ್, ಅಂದರೆ ಮೇ 25ಕ್ಕೆ ಮುಂಚೆ ಬರುವ ಸೋಮವಾರದ ವಿಕ್ಟೋರಿಯಾ ಡೇ ರಜೆ. ಅದಕ್ಕೆ ಮೊದಲು ಹೊರಗೆ ಏನೂ ನೆಡಬೇಡಿ ಅಂತ ಹೊಸಬರಿಗೆ ಹೇಳುತ್ತಾರೆ. ಸುಮ್ನೆ ಹೇಳುವ ಮಾತಲ್ಲ ಅದು. ರಾಕಿ ಪರ್ವತ ದಾಟಿ ಚಿನೂಕ್ ಎಂಬ ಬಿಸಿ ಒಣಗಾಳಿ ಬೀಸಿದರೆ ಚಳಿಗಾಲದಲ್ಲೇ ಕೆಲವು ಗಂಟೆಗಳಲ್ಲಿ ಹತ್ತಿಪ್ಪತ್ತು ಡಿಗ್ರಿ ಏರಿಬಿಡುತ್ತದೆ. ಹಿಮ ಕರಗುತ್ತದೆ, ಗಿಡಗಳು ಮೋಸ ಹೋಗಿ ಮೊಗ್ಗು ಬಿಡುತ್ತವೆ. ಆಮೇಲೆ ಮತ್ತೆ ಹಿಮ. ಮೇ ತಿಂಗಳಲ್ಲೂ ಹಿಮ ಬೀಳುವ ಊರಿದು.

ಆದರೂ ಎಲ್ಲ ಬೀಜಕ್ಕೂ ಒಂದೇ ತಾರೀಖು ಅನ್ನುವುದನ್ನು ನಾನು ಒಪ್ಪಲಾರೆ. ನಮ್ಮ ಕಡೆ ರೈತರು ಹಾಗೆ ಲೆಕ್ಕ ಹಾಕುವುದಿಲ್ಲ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರಾ ಅಂತ ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ. ಇಂಥ ಮಳೆಗೆ ಇಂಥ ಬಿತ್ತನೆ. ಅಷ್ಟಾದರೂ ಮಳೆ ಬಂತು ಅಂತ ಓಡಿಹೋಗಿ ಬಿತ್ತುವುದಿಲ್ಲ. ಮಣ್ಣು ಹಿಡಿದು, ಹಿಸುಕಿ, ಹದ ನೋಡುತ್ತಾರೆ. ಆ ಕ್ರಮವೇ ಇಲ್ಲಿಗೂ ಸರಿ ಅಂತ ನನ್ನ ಅನಿಸಿಕೆ. ಇಲ್ಲಿ ಹದ ನೋಡಲು ಮಣ್ಣಿಗೆ ಒಂದು ಥರ್ಮಾಮೀಟರ್ ಚುಚ್ಚಿದರಾಯಿತು.

ಮಣ್ಣು ಐದಾರು ಡಿಗ್ರಿಗೆ ಬಂದರೆ ಬಟಾಣಿ, ಪಾಲಕ್, ಮೂಲಂಗಿ ಹಾಕಬಹುದು. ಏಪ್ರಿಲ್ ಕೊನೆಗೆ ಅದು ಸಾಧ್ಯ. ಸ್ವಲ್ಪ ಬೆಚ್ಚಗಾದ ಮೇಲೆ ಮೆಂತ್ಯ, ಕೊತ್ತಂಬರಿ. ಕೊತ್ತಂಬರಿಗಂತೂ ಈ ತಂಪು ಬಲು ಇಷ್ಟ; ಸೆಕೆ ಜಾಸ್ತಿಯಾದರೆ ಬೇಗ ಹೂ ಬಿಟ್ಟು ಸೊಪ್ಪೇ ಸಿಗುವುದಿಲ್ಲ. ಫ್ರಾಸ್ಟ್, ಅಂದರೆ ನೀರು ಹೆಪ್ಪುಗಟ್ಟಿ ಎಳೆ ಗಿಡ ಸಾಯುವಷ್ಟು ಚಳಿ, ಇಲ್ಲದ ದಿನ ಇಲ್ಲಿ ಸಿಗುವುದೇ ಹೆಚ್ಚುಕಮ್ಮಿ ನಾಲ್ಕು ತಿಂಗಳು. ಚಳಿ ತಡೆಯುವ ಸೊಪ್ಪನ್ನೂ ಅಷ್ಟರೊಳಗೇ ತುರುಕುವುದು ಯಾಕೆ?

ಟೊಮೆಟೊ, ಬದನೆ, ಮೆಣಸಿನಕಾಯಿ ಮಾತ್ರ ಕಾಯಲೇಬೇಕು. ಮಣ್ಣು ಹದಿನೈದು ಡಿಗ್ರಿ ದಾಟಬೇಕು, ರಾತ್ರಿಯೂ ಹತ್ತಕ್ಕಿಂತ ಕೆಳಗೆ ಇಳಿಯಬಾರದು. ಲಾಂಗ್ ವೀಕೆಂಡ್ ಬಂತೆಂದು ಇವನ್ನು ನೆಟ್ಟುಬಿಟ್ಟರೆ ಬೇರು ಮರಗಟ್ಟಿ ಗಿಡ ಬೆಳೆಯದೆ ನಿಲ್ಲುತ್ತದೆ. ಕಿಟಕಿ ಹತ್ತಿರ ಬೆಳೆಸಿದ ಸಸಿಗಳನ್ನು ಒಂದು ವಾರ ಹತ್ತು ದಿನ ಹಗಲು ಹೊರಗೆ, ರಾತ್ರಿ ಒಳಗೆ ಇಟ್ಟು ಗಾಳಿ ಬಿಸಿಲಿಗೆ ಪಳಗಿಸಬೇಕು. ನೆಟ್ಟ ಮೇಲೂ ಸಂಜೆ ಆಕಾಶ ನೋಡಿ. ಮೋಡವಿದ್ದರೆ ಫ್ರಾಸ್ಟ್ ಭಯ ಕಮ್ಮಿ. ಗಾಳಿಯಿಲ್ಲದೆ ನಕ್ಷತ್ರ ನಿಚ್ಚಳವಾಗಿ ಕಂಡರೆ ಹಳೇ ಬೆಡ್‌ಶೀಟನ್ನು ನೆಲ ಮುಟ್ಟುವಂತೆ ಹೊದಿಸಿ. ಮಣ್ಣಿನ ಕಾವು ಒಳಗೇ ಉಳಿಯುತ್ತದೆ. ಪ್ಲಾಸ್ಟಿಕ್ ಬೇಡ, ಅದು ತಾಗಿದ ಕಡೆ ಎಲೆ ಚಳಿಗೆ ಸುಡುತ್ತದೆ.

ಇನ್ನು ಅವರೆಕಾಯಿ. ಅದರ ಮೇಲಿನ ಆಸೆ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ನಾಟಿ ಅವರೆ ಹೂ ಬಿಡುವುದು ಹಗಲು ಚಿಕ್ಕದಾದ ಮೇಲೆ. ಇಲ್ಲಿ ಜೂನ್‌ನಲ್ಲಿ ಹಗಲೇ ಹದಿನಾರು ಗಂಟೆ. ಬಳ್ಳಿ ಸೊಂಪಾಗಿ ಹಬ್ಬುತ್ತದೆ, ಕಾಯಿ ಕಟ್ಟುವ ಮೊದಲೇ ಸೆಪ್ಟೆಂಬರ್ ಫ್ರಾಸ್ಟ್ ಬಂದುಬಿಡುತ್ತದೆ. ಆ ಜಾಗವನ್ನು ಬಟಾಣಿಗೆ ಕೊಡಿ. ಏಪ್ರಿಲ್‌ನಲ್ಲಿ ಹಾಕಿದ್ದು ಜುಲೈ ಹೊತ್ತಿಗೆ ಉಪ್ಪಿಟ್ಟಿಗೆ ಸಿಗುತ್ತದೆ.