ಕಾಲು ಪರ್ಮನೆಂಟ್, ಪಾಸು ಡಿಸೆಂಬರ್‌ವರೆಗೆ

ವಿಕಲಚೇತನರ ಬಸ್ ಪಾಸ್ ನವೀಕರಣದ ಪ್ರಕಟಣೆ ಮತ್ತೆ ಪೇಪರಿನಲ್ಲಿ ಬಂದಿದೆ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ, 660 ರೂಪಾಯಿ ಕಟ್ಟಿ, ಮನೆಯಿಂದ 100 ಕಿಲೋಮೀಟರ್ ಒಳಗೆ ಕೆಎಸ್ಆರ್‌ಟಿಸಿ ಬಸ್ಸಿನಲ್ಲಿ ವರ್ಷವಿಡೀ ಓಡಾಡಿ. ಒಳ್ಳೆಯ ಯೋಜನೆಯೇ, ಸುಮ್ನೆ ಹೊಗಳುತ್ತಿಲ್ಲ. ಆದರೆ ಡಾಕ್ಟರು ‘ಶಾಶ್ವತ’ ಅಂತ ಬರೆದುಕೊಟ್ಟ ಕಾಲಿಗೆ ಪಾಸು ಮಾತ್ರ ಡಿಸೆಂಬರಿಗೇ ಮುಗಿಯುತ್ತದೆ. ಹೊಸ ವರ್ಷದ ರಾತ್ರಿ ಯಾರದ್ದಾದರೂ ಪೋಲಿಯೊ ಕಾಲು ನೆಟ್ಟಗಾಗಿಬಿಟ್ಟರೆ ಸರ್ಕಾರಕ್ಕೆ ನಷ್ಟ ಅಲ್ವಾ?

ಪಾಸಿಗಿಂತ ಮೊದಲು ಕಾಲಿಗೆ ಮಾರ್ಕ್ ಬೀಳಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಕನಿಷ್ಠ 40 ಪರ್ಸೆಂಟ್ ವೈಕಲ್ಯ. ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿಗೆ 35 ಸಾಕಿತ್ತು, ಕುಂಟುವುದಕ್ಕೆ 40 ಬೇಕು! ಗುರುತಿನ ಕಾರ್ಡಿಗೂ ಬಣ್ಣ ಉಂಟು. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, ಮೇಲಿದ್ದರೆ ಹಳದಿ, 80 ಮುಟ್ಟಿದರೆ ನೀಲಿ. ಬಿಳಿ ಕಾರ್ಡಿನವರಿಗೆ ತೊಂದರೆ ಇದೆ ಅಂತ ಸರ್ಕಾರವೇ ಒಪ್ಪಿದೆ, ಪಾಸ್ ಕೊಡುವಷ್ಟು ಇಲ್ಲ ಅಷ್ಟೆ. ನಮ್ಮ ಬೀದಿಯ ಟೈಲರಣ್ಣನಿಗೆ ಸಂಧಿವಾತ. ಆಟಿ ತಿಂಗಳ (ಆಷಾಢದ ಮಳೆಗಾಲ) ಬೆಳಿಗ್ಗೆ ಮೊಣಕಾಲು ಊದಿ, ಚಪ್ಪಲಿಯ ಪಟ್ಟಿಗೆ ಕಾಲು ತೂರಿಸಲಿಕ್ಕೂ ಆಗುವುದಿಲ್ಲ. ತಪಾಸಣೆ ಇದ್ದದ್ದು ಬಿಸಿಲಿನ ಮಧ್ಯಾಹ್ನ, ಆಗ ನಾಲ್ಕು ಹೆಜ್ಜೆ ಚೆನ್ನಾಗಿಯೇ ನಡೆದರು. ಬಿತ್ತು 38. ಎರಡು ವರ್ಷ ಬಿಟ್ಟು ಬನ್ನಿ, ಜಾಸ್ತಿ ಆಗಿರಬಹುದು ಅಂದರಂತೆ ಡಾಕ್ಟರು. ಫಿಸಿಯೋಥೆರಪಿ ಬಿಟ್ಟುಬಿಡುವುದಾ ಅಂತ ಅವರೀಗ ಯೋಚಿಸುತ್ತಿದ್ದಾರೆ.

ರೈಲಿನವರು ಇನ್ನೂ ಬುದ್ಧಿವಂತರು. ಸ್ಲೀಪರಿಗೆ 75 ಪರ್ಸೆಂಟ್ ರಿಯಾಯಿತಿ, ಆದರೆ ಜೊತೆಗೆ ಇನ್ನೊಬ್ಬರಿಲ್ಲದೆ ಪ್ರಯಾಣಿಸಲು ಆಗುವುದೇ ಇಲ್ಲ ಅಂತ ಸರ್ಟಿಫಿಕೇಟ್ ಬೇಕು. ಕೋಲೂರಿಕೊಂಡು ಒಬ್ಬನೇ ಹೊರಡುವ ಛಲವಿದ್ದರೆ ಫುಲ್ ಟಿಕೆಟ್.

ಇರಲಿ, 40 ಬಿತ್ತು, ಪಾಸೂ ಸಿಕ್ಕಿತು ಅಂದುಕೊಳ್ಳಿ. ನಮ್ಮ ಮಂಗಳೂರಿನ ಹಂಪನಕಟ್ಟೆಯಲ್ಲಿ ನಿಂತರೆ ಒಂದರ ಹಿಂದೆ ಒಂದು ಬರುವುದು ಪ್ರೈವೇಟ್ ಸಿಟಿ ಬಸ್ಸು. ಪಾಸ್ ಅಲ್ಲಿ ನಡೆಯುವುದಿಲ್ಲ. ಪಾಸ್ ನಡೆಯುವ ನರ್ಮ್ ಬಸ್ಸು, ಅಂದರೆ ಕೆಎಸ್ಆರ್‌ಟಿಸಿಯ ಸಿಟಿ ಬಸ್ಸು, ಪುಣ್ಯ ಇದ್ದರೆ ಬರುತ್ತದೆ.

ನಮ್ಮ ಸಿಟಿ ಬಸ್ಸಿನ ಬಗ್ಗೆ ನನಗೆ ವಿಪರೀತ ಅಭಿಮಾನ. ಮುಂದಿನ ಗಾಜಿನ ಮೇಲೆ ದೇವರ ಹೆಸರು, ಒಳಗೆ ಮಲ್ಲಿಗೆ ಮಾಲೆ, ಹಿಂದೆ ಎರಡೇ ನಿಮಿಷದ ಟೈಮಿಂಗಿನಲ್ಲಿ ಅಟ್ಟಿಸಿಕೊಂಡು ಬರುವ ಇನ್ನೊಂದು ಬಸ್ಸು. ಕಂಡಕ್ಟರನ ಬಾಯಲ್ಲಿ ಸೀಟಿ, ಬೆರಳ ಸಂದಿನಲ್ಲಿ ಮಡಚಿದ ನೋಟು. ‘ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್’ ಅಂತ ಬಸ್ ಸ್ಟ್ಯಾಂಡಿನ ಹೆಸರು ಕೂಗುತ್ತಲೇ ಚಿಲ್ಲರೆ ಕೊಡುತ್ತಾನೆ, ಜಗಳವನ್ನೂ ಮುಗಿಸುತ್ತಾನೆ. ಮೊದಲ ಮೆಟ್ಟಿಲು ಮೊಣಕಾಲಿನ ಎತ್ತರಕ್ಕೆ. ಕೋಲನ್ನು ಎಡಗೈಗೆ ದಾಟಿಸಿ, ಬಲಗೈಯಲ್ಲಿ ಕಂಬಿ ಹಿಡಿದು, ಒಳ್ಳೆಯ ಕಾಲನ್ನು ಮೇಲಿಡುವಷ್ಟರಲ್ಲಿ ‘ರೈಟ್ ಪೋಯಿ!’ (ಹೋಗೋಣ!) ಇನ್ನೊಂದು ಕಾಲು ರಸ್ತೆಯ ಮೇಲೇ ಇರುತ್ತದೆ. ಒಳಗೆ ಅಂಗವಿಕಲರಿಗೆ ಅಂತ ಬರೆದ ಸೀಟಿನಲ್ಲಿ ಕಾಲೇಜು ಹುಡುಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಗಾಢ ನಿದ್ದೆಯಲ್ಲಿರುತ್ತಾನೆ. ಅವನ ಸ್ಟಾಪ್ ಬಂದಾಗ ಮಾತ್ರ ಸರಿಯಾಗಿ ಎಚ್ಚರವಾಗುತ್ತದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರು ಆಧಾರ್ ತೋರಿಸಿ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಓಡಾಡುತ್ತಿದ್ದಾರೆ. ಬಹಳ ಸಂತೋಷ. ಅಲ್ಲಿ ಯಾರೂ ಪರ್ಸೆಂಟ್ ಕೇಳಲಿಲ್ಲ, ವರ್ಷಕ್ಕೊಮ್ಮೆ ನವೀಕರಿಸಿ ಅನ್ನಲಿಲ್ಲ. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ. ಮತ್ತೆ ಸರ್ಕಾರದವರೇ, ಕಾಲಿಲ್ಲದವನ ಕೈಯಲ್ಲಿ ಕಾಲಿಲ್ಲ ಅಂತ ಎಷ್ಟು ಸಲ ಬರೆಸಿಕೊಳ್ಳುತ್ತೀರಿ? ಕಾರ್ಡ್ ಕೊಟ್ಟವರು ನೀವೇ ತಾನೆ, ಅದನ್ನೇ ನೋಡಿ ಹತ್ತಿಸಿಕೊಳ್ಳಿ. ಪ್ರೈವೇಟ್ ಬಸ್ಸಿಗೆ ಪರ್ಮಿಟ್ ಕೊಡುವುದೂ ನೀವೇ. ಅಲ್ಲೂ ಈ ಕಾರ್ಡ್ ನಡೆಯಲಿ, ಮಾಲೀಕರಿಗೆ ಆಗುವ ನಷ್ಟ ನೀವು ತುಂಬಿಕೊಡಿ. ಟಿಕೆಟ್ ದರ ಏರಿಸುವ ಮಾತಿದ್ದರೆ ಆರ್‌ಟಿಎ (ಪ್ರಾದೇಶಿಕ ಸಾರಿಗೆ ಪ್ರಾಧಿಕಾರ) ಸಭೆಗೆ ಎಲ್ಲರೂ ಓಡೋಡಿ ಬರುತ್ತಾರೆ. ಇದಕ್ಕೂ ಹತ್ತು ನಿಮಿಷ ಇಡಿ. ಪಾಸಿನವರನ್ನೂ ಕರೆಯಿರಿ. ಕರೆಯುವ ಮೊದಲು ಲಿಫ್ಟ್ ಸರಿ ಇದೆಯಾ ನೋಡಿಕೊಳ್ಳಿ.