ಗಲ್ಲಿಯ ಅಗಲ

ಮಗಳ ಮೃದಂಗದ ಬಲಮುಖದ ಕರಣೆ, ಅಂದರೆ ಚರ್ಮದ ನಡುವಿನ ಕಪ್ಪು ಲೇಪ, ಬಿರುಕು ಬಿಟ್ಟಿದ್ದರಿಂದ ಅದನ್ನು ಹೊತ್ತುಕೊಂಡು ಬೆಂಗಳೂರಿನ ಬಳೆಪೇಟೆಗೆ ಹೋಗಬೇಕಾಯಿತು. ಹೆಸರನ್ನು ನಂಬಿ ಬಳೆ ಹುಡುಕಿಕೊಂಡು ಅಲ್ಲಿಗೆ ಹೋದವರಿಗೆ ಮೊದಲು ಎದುರಾಗುವುದು ಡೋಲು, ತಬಲಾ, ಹಾರ್ಮೋನಿಯಂ, ನಾಗಸ್ವರಗಳ ಅಂಗಡಿಗಳು. ಹಳೆಯ ಪೇಟೆಯ ಹೆಸರುಗಳೆಲ್ಲ ಬಹುಮಟ್ಟಿಗೆ ಹೀಗೆಯೇ. ಗಾಣಿಗರಪೇಟೆಯಲ್ಲಿ ಎತ್ತು ಗಾಣವನ್ನು ಸುತ್ತುವುದಿಲ್ಲ, ಕುಂಬಾರಪೇಟೆಯಲ್ಲಿ ತಿಗರಿ ತಿರುಗುವುದಿಲ್ಲ, ಹಲಸೂರು ಗೇಟಿನಲ್ಲಿ ಗೇಟಂತೂ ಇಲ್ಲವೇ ಇಲ್ಲ. ಅದರ ಹೆಸರನ್ನು ಹೊತ್ತ ಪೊಲೀಸ್ ಠಾಣೆಯೊಂದು ಇದೆ.

ಮುಖ್ಯರಸ್ತೆಯನ್ನು ಬಿಟ್ಟು ಒಂದು ಅಡ್ಡಗಲ್ಲಿಗೆ ಹೊರಳಿದೆ. ನಾನು ನೋಡಬಯಸಿದ್ದು ಹಳೆಯ ಬೆಂಗಳೂರನ್ನು. ಕಂಡದ್ದು ಗಾಜಿನ ಮುಂಬಾಗಿಲು, ತಗಡಿನ ಶಟರು, ತಲೆಯ ಮೇಲೆ ಜೇಡರ ಬಲೆಯಂತೆ ಹೆಣೆದುಕೊಂಡ ತಂತಿಗಳು. ಇಲ್ಲಿ ಹಳತು ಯಾವುದು ಎಂದು ನಿರಾಶೆಯಿಂದ ನಿಂತಿದ್ದಾಗ, ಎರಡು ಕೈಗಳನ್ನೂ ಚಾಚಿದರೆ ಆಚೀಚೆಯ ಗೋಡೆಗಳು ಸಿಕ್ಕೇಬಿಡುತ್ತವೆ ಎನ್ನಿಸಿತು. ಆಗ ಹೊಳೆಯಿತು, ಹಳತಾಗಿರುವುದು ಗೋಡೆಗಳಲ್ಲ, ಅವುಗಳ ನಡುವಿನ ಬಯಲು. ಮನೆ ಬಿದ್ದು ಅಂಗಡಿ ಎದ್ದಿದೆ, ಅಂಗಡಿ ಬಿದ್ದು ಮೂರು ಅಂತಸ್ತಿನ ಗೋದಾಮು ಎದ್ದಿದೆ. ಆದರೆ ಗಲ್ಲಿಯ ಅಗಲವೂ ಅದರ ಡೊಂಕೂ ಹಾಗೆಯೇ ಉಳಿದಿವೆ. ಇದಕ್ಕೆ ಯಾರ ಇತಿಹಾಸಪ್ರಜ್ಞೆಯೂ ಕಾರಣವಲ್ಲವೆಂದು ನನ್ನ ಅನುಮಾನ. ಒಂದು ಗೇಣು ಮುಂದಕ್ಕೆ ಬಂದರೆ ಎದುರು ಅಂಗಡಿಯವನು ಜಗಳಕ್ಕೆ ಬರುತ್ತಾನೆ, ಒಂದು ಗೇಣು ಹಿಂದಕ್ಕೆ ಸರಿಯಲು ಈ ಜಾಗದ ಬೆಲೆ ಬಿಡುವುದಿಲ್ಲ. ಹೀಗಾಗಿ ಪ್ರತಿಯೊಬ್ಬನೂ ಅಜ್ಜನ ಅಡಿಪಾಯದ ಮೇಲೆಯೇ ತನ್ನ ಗೋಡೆಯನ್ನು ಏರಿಸಿದ್ದಾನೆ.

ಕೆಂಪೇಗೌಡರು 1537ರಲ್ಲಿ ಊರು ಕಟ್ಟುವಾಗ ಇಂದಿನ ದೊಡ್ಡಪೇಟೆ ಮತ್ತು ಚಿಕ್ಕಪೇಟೆಗಳು ಕೂಡುವೆಡೆಯಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿದರೆಂದೂ, ಆ ಉಳುಮೆಯ ಗೆರೆಗಳೇ ಬೀದಿಗಳಾದವೆಂದೂ ಪ್ರತೀತಿಯಿದೆ. ಪ್ರತೀತಿಯನ್ನು ಪ್ರತೀತಿಯಾಗಿಯೇ ಇಟ್ಟುಕೊಂಡರೂ, ದೊಡ್ಡಬೀದಿಗಳಿಗೆ ನೇಗಿಲ ಗೆರೆಯಾದರೂ ಇತ್ತು, ಈ ಅಡ್ಡಗಲ್ಲಿಗಳಿಗೆ ಅದೂ ಇರಲಿಲ್ಲ. ಸುತ್ತ ಮಣ್ಣಿನ ಕೋಟೆ, ಕಂದಕ, ಮುಳ್ಳುಪೊದೆಗಳ ಬೇಲಿ. ಒಳಗಿನ ಜನ ಹೆಚ್ಚಿದಂತೆ ಊರು ಹೊರಕ್ಕೆ ಚಾಚಲಾರದೆ ಒಳಗೊಳಗೇ ಒತ್ತಿಕೊಂಡಿತು. 1791ರ ಮಾರ್ಚ್‌ನಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯ ಪೇಟೆಯನ್ನು ಹಿಡಿದದ್ದು ಹಲಸೂರು ಬಾಗಿಲ ಕಡೆಯಿಂದಲೇ. ಆ ಬಾಗಿಲೂ ಗೋಡೆಯೂ ಹೋದವು, ಆದರೆ ಅವು ಕಲಿಸಿದ ಒತ್ತಿಕೊಳ್ಳುವ ಅಭ್ಯಾಸ ಮಾತ್ರ ಹೋಗಲಿಲ್ಲ. 1898ರ ಪ್ಲೇಗು ಬಂದಾಗ ಈ ಇಕ್ಕಟ್ಟೇ ಅಪರಾಧಿಯ ಸ್ಥಾನದಲ್ಲಿ ನಿಂತಿತು. ಮಲ್ಲೇಶ್ವರ, ಬಸವನಗುಡಿಗಳಲ್ಲಿ ಅಗಲವಾದ ನೇರ ಬೀದಿಗಳನ್ನು ಹಾಕಿದರು. ಅಲ್ಲಿ ಬಿಸಿಲೂ ಗಾಳಿಯೂ ಧಾರಾಳವಾಗಿದ್ದವು, ನಿಜ. ಆದರೆ ಏಪ್ರಿಲ್ ತಿಂಗಳ ಇಳಿಮಧ್ಯಾಹ್ನ ಎರಡೂ ಕಡೆ ನಡೆದು ನೋಡಿದವನು ನೆರಳಿನ ವಿಚಾರದಲ್ಲಿ ಗಲ್ಲಿಯ ಪಕ್ಷವನ್ನೇ ವಹಿಸುತ್ತಾನೆ.

ಅಂಗಡಿ ಸಿಕ್ಕಿತು. ಅದರ ಅಗಲ ಒಂದು ಚಾಪೆಯಷ್ಟು. ಗೋಡೆಯ ಮೇಲೆ ಚರ್ಮದ ಬಾರುಗಳ ಸುರುಳಿಗಳು ತೂಗುತ್ತಿದ್ದವು. ಹಿರಿಯರೊಬ್ಬರು ಮೃದಂಗವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬೆರಳಿನಿಂದ ಒಮ್ಮೆ ಮೀಟಿ, ಒಂದು ಮಾತೂ ಆಡದೆ ಹಳೆಯ ಕರಣೆಯನ್ನು ಕೆರೆದು ತೆಗೆದರು. ಆಮೇಲೆ ಅನ್ನಕ್ಕೆ ಕಲ್ಲಿನ ಕಪ್ಪು ಪುಡಿ ಬೆರೆಸಿ ನಾದಿದ ಮುದ್ದೆಯಿಂದ ಚಿಟಿಕೆಯಷ್ಟನ್ನು ಚರ್ಮದ ನಡುವೆ ಹಚ್ಚಿ, ನುಣುಪಾದ ಕಲ್ಲೊಂದರಿಂದ ಉಜ್ಜತೊಡಗಿದರು. ಅದು ಒಣಗುವಷ್ಟು ಉಜ್ಜಿದ ಮೇಲೆ ಇನ್ನೊಂದು ಚಿಟಿಕೆ, ಮತ್ತೆ ಕಲ್ಲು. ಪದರದ ಮೇಲೆ ಪದರ ಕುಳಿತಂತೆ ದನಿ ಮಂದವಾಗಿದ್ದದ್ದು ಮೆಲ್ಲಗೆ ಶ್ರುತಿಯ ಕಡೆಗೆ ತಿರುಗಿತು. ಎಷ್ಟು ಪದರ ಬೇಕು ಎಂದು ಕೇಳಿದೆ. “ಅದು ಹೇಳೋವರೆಗೆ” ಎಂದರು, ಮೃದಂಗದ ಕಡೆ ಗದ್ದ ತೋರಿಸಿ. ಅವರು ಉಜ್ಜುತ್ತಿದ್ದ ಕಲ್ಲಿನ ಒಂದು ಮಗ್ಗುಲು ಹೆಬ್ಬೆರಳಿನ ಅಚ್ಚಿಗೆ ಸರಿಯಾಗಿ ಸವೆದಿತ್ತು.

ಕಾದು ಕುಳಿತಷ್ಟು ಹೊತ್ತೂ ನಾನು ಗಲ್ಲಿಯ ಸಂಚಾರವನ್ನು ನೋಡುತ್ತಿದ್ದೆ. ನೆಲದಡಿಯಲ್ಲಿ ಚಿಕ್ಕಪೇಟೆಯ ಮೆಟ್ರೊ ಓಡುತ್ತಿದ್ದರೂ ನೆಲದ ಮೇಲಿನ ಸರಕು ಇನ್ನೂ ಹಮಾಲಿಯ ತಲೆಯನ್ನೂ ತಳ್ಳುಗಾಡಿಯನ್ನೂ ಅವಲಂಬಿಸಿದೆ, ಏಕೆಂದರೆ ಬೇರೆ ಯಾವುದೂ ಇಲ್ಲಿ ಹಿಡಿಸುವುದಿಲ್ಲ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗವೂ ಪೇಟೆಯ ಇಂಥ ಇಕ್ಕಟ್ಟಿನ ಬೀದಿಗಳನ್ನು ಹಾಯುತ್ತದೆ. ಅದರ ಸುತ್ತ ಕತ್ತಿ ಹಿಡಿದ ವೀರಕುಮಾರರು ಬೇರೆ. ತಲೆಯ ಮೇಲಿನ ಕರಗವನ್ನು ಕೈಯಿಂದ ಮುಟ್ಟದೆ ಅಷ್ಟು ಜನರ ನಡುವೆ ಸಾಗುವವರಿಗೆ ಈ ಬೀದಿಗಳ ಅಳತೆ ಕಾಲಿಗೇ ಗೊತ್ತಿರಬೇಕು.

ಮೃದಂಗವನ್ನು ತಬ್ಬಿಕೊಂಡು ಹೊರಟಾಗ ನನಗೆ ಆ ಅಳತೆ ಗೊತ್ತಿರಲಿಲ್ಲ. ಹಿಂದಿನಿಂದ ಬಟ್ಟೆಯ ಮೂಟೆಗಳನ್ನು ಹೇರಿಕೊಂಡ ತಳ್ಳುಗಾಡಿಯೊಂದು ಬಂತು. ಗೋಡೆಗೆ ಒತ್ತಿಕೊಂಡೆ, ಕಾಲಿಗೆ ಸವೆದ ಚಪ್ಪಡಿಯೊಂದು ತಗುಲಿತು. ಯಾವುದೋ ಮನೆಯ ಜಗಲಿಯ ಕಲ್ಲಿರಬೇಕು, ಈಗ ಅದರ ಮೇಲೆ ಶಟರು ಇಳಿಯುತ್ತದೆ. ನಾನು ಹತ್ತಿ ನಿಂತೆ. ಗಾಡಿಯವನು ನನ್ನನ್ನೂ ಗಾಡಿಯನ್ನೂ ಎದುರು ಗೋಡೆಯನ್ನೂ ಒಂದೇ ನೋಟದಲ್ಲಿ ಅಳೆದ.

“ನೀವು ಸರೀಗಿದೀರಾ ಸಾರ್, ಮೃದಂಗ ಮಾತ್ರ ಒಂಚೂರು ಒಳಗೆ ಎಳ್ಕೊಳಿ” ಎಂದು ಹೇಳಿ, ಎಲ್ಲಿಯೂ ತಗುಲಿಸದೆ ದಾಟಿಹೋದ.